ಶಾಲೆ ಕೇಳಲು ಹೊರಟು ಮತ ಕೇಳಿದವರು: ಮಾರ್ಗರೆಟ್ ಕಸಿನ್ಸ್ ಆತ್ಮಕಥನವನ್ನು ಗಡಿಯಲ್ಲಿ ಓದುವಾಗ

1

ಮಾರ್ಗರೆಟ್ ಕಸಿನ್ಸ್ ಎಂಬ ಹೆಸರನ್ನು ನಮ್ಮಲ್ಲಿ ಯಾರಾದರೂ ನೆನೆದರೆ ಅದು ಬಹುಮಟ್ಟಿಗೆ ಒಂದೇ ಕಾರಣಕ್ಕೆ. 1919ರ ಫೆಬ್ರವರಿಯಲ್ಲಿ ರವೀಂದ್ರನಾಥ ಠಾಕೂರರು ಮದನಪಲ್ಲಿಯ ಥಿಯಸಾಫಿಕಲ್ ಕಾಲೇಜಿಗೆ ಬಂದು ತಂಗಿದ್ದರು. ಅಲ್ಲಿ ಅವರು ‘ಜನಗಣಮನ’ ಹಾಡಿದಾಗ, ಸಂಗೀತ ಬಲ್ಲ ಈ ಐರಿಷ್ ಮಹಿಳೆ ಅದರ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟರು. ಇದು ನಿಜವೇ, ದೊಡ್ಡ ಸಂಗತಿಯೇ. ಆದರೆ ಒಬ್ಬ ಹೆಂಗಸು ಎಪ್ಪತ್ತೈದು ವರ್ಷ ಬದುಕಿ, ಮೂರು ದೇಶಗಳಲ್ಲಿ ಸೆರೆಮನೆ ಕಂಡು, ಈ ದೇಶದ ಹೆಂಗಸರಿಗೆ ಮತದ ಹಕ್ಕು ಬೇಕೆಂದು ಮೊದಲ ಮನವಿಯನ್ನು ತನ್ನ ಕೈಯಾರೆ ಬರೆದಿದ್ದಾಗ, ಅವಳನ್ನು ಒಂದು ಹಾಡಿನ ಅಡಿಟಿಪ್ಪಣಿಯಲ್ಲಿ ಕೂರಿಸಿಬಿಡುವುದು ನ್ಯಾಯವಲ್ಲ.

ಮಾರ್ಗರೆಟ್ ಮತ್ತು ಅವರ ಪತಿ ಜೇಮ್ಸ್ ಕಸಿನ್ಸ್ ಸೇರಿ ಬರೆದ ಆತ್ಮಕಥನ ‘ವಿ ಟೂ ಟುಗೆದರ್’ 1950ರಲ್ಲಿ ಮದರಾಸಿನಿಂದ ಪ್ರಕಟವಾಯಿತು. ಏಳುನೂರಕ್ಕೂ ಹೆಚ್ಚು ಪುಟಗಳ ದಪ್ಪ ಪುಸ್ತಕ. ಇದನ್ನು ಚರಿತ್ರೆಯ ವಿದ್ಯಾರ್ಥಿಗಳು ಆಕರವೆಂದು ಓದುತ್ತಾರೆ, ಥಿಯಸಾಫಿಯ ಬಳಗದವರು ಭಕ್ತಿಯಿಂದ ಓದುತ್ತಾರೆ. ಗಡಿಯಲ್ಲಿ ಕುಳಿತ ನಾವು ಯಾಕೆ ಓದಬೇಕು ಎಂಬುದು ಈ ಬರಹದ ಪ್ರಶ್ನೆ.

ಉತ್ತರದ ಒಂದು ಭಾಗ ಭೂಪಟದಲ್ಲೇ ಇದೆ. ಹೊಸೂರು, ಕೃಷ್ಣಗಿರಿ ಇಂದು ತಮಿಳುನಾಡಿನಲ್ಲಿವೆ, ಕಾಸರಗೋಡು, ಮಂಜೇಶ್ವರ ಕೇರಳದಲ್ಲಿವೆ. ಆದರೆ 1956ರ ರಾಜ್ಯ ಪುನರ್ವಿಂಗಡಣೆಯ ತನಕ ಈ ಎರಡೂ ಸೀಮೆಗಳು ಮದರಾಸು ಸರಕಾರದ ಅಡಿಯಲ್ಲೇ ಇದ್ದವು. ಹೊಸೂರು, ಕೃಷ್ಣಗಿರಿ ಆಗ ಸೇಲಂ ಜಿಲ್ಲೆ; ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆ. ಎರಡು ಕಡೆಯ ಹೆಂಗಸರಿಗೂ ಮತದ ಹಕ್ಕು ಕೊಟ್ಟದ್ದು ಮದರಾಸಿನ ಅದೇ ಒಂದು ಶಾಸನ ಸಭೆ. ಮಾರ್ಗರೆಟ್ ಕೆಲಸ ಮಾಡಿದ ಜಾಗಗಳೂ ನಮ್ಮ ಸುತ್ತಮುತ್ತಲೇ ಇವೆ. ಕೋಲಾರದ ಆಚೆಗೆ ಮದನಪಲ್ಲಿ, ಘಟ್ಟದ ಕೆಳಗೆ ಮಂಗಳೂರು, ಮದರಾಸಿನಲ್ಲಿ ಅಡ್ಯಾರು. ಕೃಷ್ಣಗಿರಿಯಿಂದ ವಾಣಿಯಂಬಾಡಿ, ಆಂಬೂರು ದಾಟಿದರೆ ಅವರು ಸೆರೆಯಲ್ಲಿದ್ದ ವೆಲ್ಲೂರು.

ಉತ್ತರದ ಇನ್ನೊಂದು ಭಾಗ ಇದಕ್ಕಿಂತ ಮುಖ್ಯವಾದದ್ದು. ಮಾರ್ಗರೆಟ್ ಮೊದಲು ಕೇಳಲು ಹೊರಟದ್ದು ಮತವನ್ನಲ್ಲ, ಶಾಲೆಯನ್ನು. ಅವರ ಬದುಕಿನ ಈ ಎಳೆ ಗಡಿಯ ಕನ್ನಡ ಮನೆಗಳಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗಬೇಕು.

2

ಮೊದಲು ಬದುಕಿನ ವಿವರ. 1878ರಲ್ಲಿ ಐರ್ಲೆಂಡಿನ ಬಾಯ್ಲ್ ಎಂಬ ಊರಿನಲ್ಲಿ ಮಾರ್ಗರೆಟ್ ಗಿಲೆಸ್ಪಿ ಹುಟ್ಟಿದರು. ಸಂಗೀತದಲ್ಲಿ ಪದವಿ ಪಡೆದು, 1903ರಲ್ಲಿ ಕವಿ ಜೇಮ್ಸ್ ಕಸಿನ್ಸ್ ಅವರನ್ನು ಮದುವೆಯಾದರು. 1908ರಲ್ಲಿ ಹಾನಾ ಶೀಹಿ ಸ್ಕೆಫಿಂಗ್ಟನ್ ಅವರೊಂದಿಗೆ ಸೇರಿ ಐರಿಷ್ ಮಹಿಳಾ ಮತಾಧಿಕಾರ ಸಂಘವನ್ನು ಕಟ್ಟಿದರು. 1910ರಲ್ಲಿ ಲಂಡನ್ನಿನಲ್ಲಿ ಪ್ರಧಾನಿಯ ನಿವಾಸದ ಕಿಟಕಿಗೆ ಕಲ್ಲು ಹೊಡೆದು ಒಂದು ತಿಂಗಳು ಹಾಲೋವೇ ಸೆರೆಮನೆಯಲ್ಲಿದ್ದರು. 1913ರಲ್ಲಿ ಡಬ್ಲಿನ್ ಕೋಟೆಯ ಕಿಟಕಿ ಒಡೆದು ಮತ್ತೆ ಸೆರೆ ಸೇರಿ, ಅಲ್ಲಿ ಉಪವಾಸ ಹೂಡಿದರು. 1915ರಲ್ಲಿ ದಂಪತಿಗಳು ಆನಿ ಬೆಸೆಂಟರ ಬಳಗಕ್ಕೆ ಸೇರಲು ಮದರಾಸಿಗೆ ಬಂದರು. ಸ್ವಲ್ಪ ಕಾಲದಲ್ಲೇ ಮದನಪಲ್ಲಿಗೆ ಹೋದರು.

ಕಿಟಕಿ ಒಡೆದ ಕೈ ಮದನಪಲ್ಲಿಯಲ್ಲಿ ಸೀಮೆಸುಣ್ಣ ಹಿಡಿಯಿತು. ಅಲ್ಲಿ ಊರಿನ ಹೆಂಗಸರು ವಾರಕ್ಕೊಮ್ಮೆ ಸೇರುವ ಒಂದು ಸಭೆ ಮಾರ್ಗರೆಟ್ ಅವರಿಂದ ಆರಂಭವಾಯಿತು. ಅದಕ್ಕೆ ‘ಅಬಲಾ ಅಭಿವರ್ಧಿನಿ ಸಮಾಜ’ ಎಂದು ಹೆಸರು. ಲಂಡನ್ನಿನ ಪೊಲೀಸರ ಎದುರು ನಿಂತವರು ಇಂಥ ಹೆಸರನ್ನು ಒಪ್ಪಿಕೊಂಡರಲ್ಲ ಎಂದು ಇಂದಿನ ಓದುಗರಿಗೆ ನಗು ಬರಬಹುದು. ಆದರೆ ಹೆಂಗಸರು ಮನೆಯಿಂದ ಹೊರಗೆ ಬಂದು ಒಂದು ಕಡೆ ಕೂರಬೇಕಿದ್ದರೆ ಮನೆಯ ಗಂಡಸರು ಹೆದರದಂಥ ಹೆಸರು ಬೇಕಿತ್ತು. ಊರನ್ನು ತಿಳಿದ ಟೀಚರು ಮಾಡುವ ಕೆಲಸವೇ ಇದು. ಈ ಪುಟ್ಟ ಸಮಾಜದ ಅನುಭವ 1917ರ ಮೇ ತಿಂಗಳಿನಲ್ಲಿ ಅಡ್ಯಾರಿನಲ್ಲಿ ಹುಟ್ಟಿದ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ನಿಗೆ ಮಾದರಿಯಾಯಿತು. ಬೆಸೆಂಟ್ ಅಧ್ಯಕ್ಷರು, ಡೊರೊತಿ ಜಿನರಾಜದಾಸ ಮತ್ತು ಮಾರ್ಗರೆಟ್ ಅದರ ದುಡಿಯುವ ಕೈಗಳು.

ಅದೇ ವರ್ಷ ಭಾರತ ಮಂತ್ರಿ ಮಾಂಟೆಗು ರಾಜಕೀಯ ಸುಧಾರಣೆಯ ವಿಚಾರಣೆಗೆಂದು ಇಂಡಿಯಾಕ್ಕೆ ಬಂದರು. ಹೆಣ್ಣುಮಕ್ಕಳ ವಿದ್ಯಾಭ್ಯಾಸದ ಬಗ್ಗೆ ಮಹಿಳೆಯರ ನಿಯೋಗವೊಂದು ಅವರನ್ನು ಕಾಣಬೇಕೆಂದು ಮಾರ್ಗರೆಟ್ ಅರ್ಜಿ ಕಳಿಸಿದರು. ಮಂತ್ರಿಗಳು ರಾಜಕೀಯ ವಿಷಯಗಳ ನಿಯೋಗಗಳನ್ನು ಮಾತ್ರ ಕಾಣುತ್ತಾರೆ ಎಂದು ಉತ್ತರ ಬಂತು. ಬೇರೆಯವರಾಗಿದ್ದರೆ ಆ ಕಾಗದವನ್ನು ಮಡಚಿಟ್ಟು ಸುಮ್ಮನಾಗುತ್ತಿದ್ದರೇನೋ. ಮಾರ್ಗರೆಟ್ ಮನವಿಯನ್ನು ತಿದ್ದಿ ಬರೆದರು. ಜನರಿಗೆ ಮತದ ಹಕ್ಕು ವಿಸ್ತರಿಸುವಾಗ ‘ಜನರು’ ಎಂಬ ಮಾತಿನಲ್ಲಿ ಹೆಂಗಸರೂ ಸೇರಬೇಕು ಎಂಬ ಬೇಡಿಕೆಯನ್ನು ಅದರಲ್ಲಿಟ್ಟರು. ಶಾಲೆಯ ಬೇಡಿಕೆಯನ್ನೂ ಬಿಡಲಿಲ್ಲ. 1917ರ ಡಿಸೆಂಬರ್ 18ರಂದು ಮದರಾಸಿನಲ್ಲಿ ಸರೋಜಿನಿ ನಾಯ್ಡು ಅವರ ಮುಂದಾಳುತನದಲ್ಲಿ ನಿಯೋಗ ಮಾಂಟೆಗು ಅವರನ್ನು ಕಂಡಿತು.

ಮಾರ್ಗರೆಟ್ ಬದುಕಿನ ತಿರುಳು ಈ ಒಂದು ಪ್ರಸಂಗದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಶಾಲೆ ಬೇಕು ಎಂದರೆ ಕೇಳಿಸಿಕೊಳ್ಳುವವರಿರಲಿಲ್ಲ. ಮತ ಬೇಕು ಎಂದಾಗ ಬಾಗಿಲು ತೆರೆಯಿತು. ಮತವಿಲ್ಲದವರ ಶಾಲೆಯ ಬೇಡಿಕೆ ಅರ್ಜಿಯಾಗಿಯೇ ಉಳಿಯುತ್ತದೆ ಎಂಬ ಪಾಠವನ್ನು ಸರಕಾರವೇ ಅವರಿಗೆ ಕಲಿಸಿತು. ಅವರ ಚರಿತ್ರೆ ಬರೆದವರಲ್ಲಿ ಕೆಲವರು ಮತಾಧಿಕಾರದ ಹೋರಾಟವನ್ನು ಮುಂದಿಟ್ಟು ಟೀಚರನ್ನು ಹಿಂದೆ ಸರಿಸುತ್ತಾರೆ. ಇನ್ನು ಕೆಲವರು ವಿದ್ಯಾಭ್ಯಾಸದ ಸೇವೆ ಎಂದು ಹೊಗಳಿ ರಾಜಕೀಯವನ್ನು ಮರೆಸುತ್ತಾರೆ. ಇಬ್ಬರೂ ಒಂದೇ ಬಟ್ಟೆಯ ಹಾಸನ್ನೂ ಹೊಕ್ಕನ್ನೂ ಬೇರೆ ಬೇರೆ ಮಾಡಿ ನೋಡುತ್ತಿದ್ದಾರೆ.

3

ಇನ್ನು ಪುಸ್ತಕದ ವಿಚಾರ. ಗಂಡ ಹೆಂಡತಿ ಸೇರಿ ಆತ್ಮಕಥೆ ಬರೆಯುವುದು ಅಪರೂಪ. ಕೆಲವು ಭಾಗ ಅವರದು, ಕೆಲವು ಇವರದು. ಈ ರೂಪಕ್ಕೆ ತನ್ನದೇ ಆದ ಸೊಗಸಿದೆ. ನಮ್ಮಲ್ಲಿ ಗಂಡಂದಿರ ಆತ್ಮಕಥೆಯಲ್ಲಿ ಹೆಂಡತಿ ಒಂದು ಕೃತಜ್ಞತೆಯ ಸಾಲಾಗಿ ಬಂದು ಹೋಗುವುದೇ ಹೆಚ್ಚು. ಇಲ್ಲಿ ಹೆಂಡತಿಯ ದನಿ ಗಂಡನ ದನಿಯ ಪಕ್ಕದಲ್ಲೇ ಸಮನಾಗಿ ಕೂತಿದೆ. ಜೇಮ್ಸ್ ಕವಿ, ಕಲಾವಿಮರ್ಶಕ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆ 1924ರಲ್ಲಿ ರೂಪುಗೊಂಡದ್ದೂ, ತಿರುವನಂತಪುರದ ಶ್ರೀಚಿತ್ರಾಲಯ 1935ರಲ್ಲಿ ತೆರೆದದ್ದೂ ಅವರ ನೆರವಿನಿಂದಲೇ. ಕನ್ನಡಿಗರೂ ಮಲಯಾಳಿಗಳೂ ಒಟ್ಟಾಗಿ ನೆನೆಯಬೇಕಾದ ಹೆಸರು ಅದು.

ಆದರೆ ಈ ಸೊಗಸಿಗೊಂದು ಬೆಲೆಯೂ ಇದೆ. ಇಬ್ಬರ ಕಥೆಯಾದ್ದರಿಂದ ಮೂರನೆಯವರಿಗೆ ಜಾಗ ಕಡಿಮೆಯಾಗುತ್ತದೆ. ಬೆಸೆಂಟ್, ಠಾಕೂರ್, ಗಾಂಧೀಜಿಯವರಂಥ ದೊಡ್ಡ ಹೆಸರುಗಳು ಬೆಳಕಿನಲ್ಲಿ ನಿಲ್ಲುತ್ತವೆ. ಟೀಚರ ಮುಂದೆ ಚಾಪೆಯ ಮೇಲೆ ಕೂತಿದ್ದ ಹುಡುಗಿಯರಾಗಲಿ, ಅವರನ್ನು ಶಾಲೆಗೆ ಕಳಿಸಲು ಮನೆಯಲ್ಲಿ ಜಗಳವಾಡಿದ ತಾಯಂದಿರಾಗಲಿ ಆ ಬೆಳಕಿಗೆ ಬರುವುದಿಲ್ಲ. ಒಬ್ಬ ಟೀಚರ ಆತ್ಮಕಥೆಯಲ್ಲಿ ನಾವು ಹುಡುಕುವುದು ಅವರನ್ನೇ.

ಇನ್ನೊಂದು ಆಕ್ಷೇಪ ವಿದ್ವಾಂಸರದು. ಕುಮಾರಿ ಜಯವರ್ಧನ ಅವರು 1995ರಲ್ಲಿ ಪ್ರಕಟಿಸಿದ ‘ದಿ ವೈಟ್ ವುಮನ್ಸ್ ಅದರ್ ಬರ್ಡನ್’ ಎಂಬ ಪುಸ್ತಕದಲ್ಲಿ ದಕ್ಷಿಣ ಏಷ್ಯಕ್ಕೆ ಬಂದ ಬಿಳಿಯ ಮಹಿಳೆಯರನ್ನು ವಿಂಗಡಿಸಿ ನೋಡಿದ್ದಾರೆ. ಥಿಯಸಾಫಿಯ ದಾರಿಯಲ್ಲಿ ಬಂದವರು ಪ್ರಾಚೀನ ಭಾರತದ ಹೆಣ್ಣಿನ ಹಿರಿಮೆಯನ್ನು ಕೊಂಡಾಡಿದರು. ಆ ಹೊಗಳಿಕೆಯಲ್ಲಿ ಜಾತಿಯ ಕಷ್ಟ ಕಾಣದೆ ಹೋಯಿತು ಎಂಬ ಟೀಕೆ ಮಾರ್ಗರೆಟ್ ಅವರಿಗೂ ಸಲ್ಲುತ್ತದೆ. 1922ರಲ್ಲಿ ಅವರು ಏಷ್ಯದ ಹೆಣ್ಣಿನ ಎಚ್ಚರದ ಬಗ್ಗೆ ಪುಸ್ತಕ ಬರೆದಾಗ ಅವರ ಕಣ್ಣ ಮುಂದಿದ್ದ ಹೆಣ್ಣು ಓದಿದ ಮನೆಯ, ಮೇಲುಜಾತಿಯ ಹೆಣ್ಣು. ತಳಿ, ಕೆಲಮಂಗಲದ ಹೊಲದಲ್ಲಿ ರಾಗಿ ಕೊಯ್ಯುವ ಹೆಣ್ಣು ಅಲ್ಲಿ ಇರಲಿಲ್ಲ. ಈ ದೋಷವನ್ನು ಮುಚ್ಚಿಡಬೇಕಿಲ್ಲ.

ಆದರೂ ಅವರ ಪರವಾಗಿ ಹೇಳಬೇಕಾದ ಒಂದು ಮಾತಿದೆ, ಅದೂ ಅವರ ಬರಹದಲ್ಲೇ ಸಿಗುತ್ತದೆ. ಸ್ವಾತಂತ್ರ್ಯ ಹೋರಾಟ ಬಲವಾದ ಕಾಲವನ್ನು ನೆನೆಯುತ್ತ, ನೇರವಾಗಿ ಇಳಿಯುವ ಆಸೆ ತನಗಿದ್ದರೂ, ಮುಂದೆ ಬಂದಿದ್ದ ಭಾರತೀಯ ಮಹಿಳೆಯರಿಗೆ ತನ್ನ ಮುಂದಾಳುತನ ಇನ್ನು ಬೇಕಿಲ್ಲ ಎಂದು ಅನ್ನಿಸಿತೆಂದು ಅವರು ಒಪ್ಪಿಕೊಳ್ಳುತ್ತಾರೆ. ಆ ಮಾತಿನಲ್ಲಿ ಸ್ವಲ್ಪ ನೋವಿದೆ, ಕಹಿ ಇಲ್ಲ. ತನ್ನ ಕೆಲಸ ಮುಗಿಯಿತೆಂದು ಒಪ್ಪಿ ಪಕ್ಕಕ್ಕೆ ಸರಿಯುವುದು ಮುಂದಾಳುಗಳಿಗೆ ಕಷ್ಟ, ಒಳ್ಳೆಯ ಟೀಚರಿಗೆ ಸಹಜ. ಪಕ್ಕಕ್ಕೆ ಸರಿದರೂ ಅವರು ಸುಮ್ಮನಿರಲಿಲ್ಲ. 1932ರ ಡಿಸೆಂಬರಿನಲ್ಲಿ ಸುಗ್ರೀವಾಜ್ಞೆಗಳ ವಿರುದ್ಧ ಮದರಾಸಿನಲ್ಲಿ ಮಾತನಾಡಿದ್ದಕ್ಕೆ ಅವರಿಗೆ ಒಂದು ವರ್ಷದ ಶಿಕ್ಷೆಯಾಯಿತು. ಆಗಲೇ ಹೇಳಿದ ವೆಲ್ಲೂರಿನ ಸೆರೆಮನೆ ಅದೇ.

4

ಮಂಗಳೂರಿನ ಅಧ್ಯಾಯಕ್ಕೆ ಬರೋಣ. 1919-20ರಲ್ಲಿ ಅಲ್ಲಿ ನ್ಯಾಷನಲ್ ಗರ್ಲ್ಸ್ ಸ್ಕೂಲ್ ಆರಂಭವಾದಾಗ ಮಾರ್ಗರೆಟ್ ಅದರ ಮೊದಲ ಮುಖ್ಯೋಪಾಧ್ಯಾಯಿನಿಯಾದರು. ಇದೇ ಹೊತ್ತಿಗೆ ಲಂಡನ್ನಿನಲ್ಲಿ ಮತದ ಹಕ್ಕಿನ ಪ್ರಶ್ನೆ ಜಗ್ಗಾಡುತ್ತಿತ್ತು. ಸೌತ್‌ಬರೋ ಸಮಿತಿ ಇಲ್ಲಿನ ಹೆಂಗಸರಿಗೆ ಮತ ಬೇಡವೆಂದಿತ್ತು. ಪಾರ್ಲಿಮೆಂಟು ಆ ತೀರ್ಮಾನವನ್ನು ಪ್ರಾಂತಗಳ ಶಾಸನ ಸಭೆಗಳಿಗೇ ಬಿಟ್ಟಿತು. ದೇಶೀಯ ಸಂಸ್ಥಾನಗಳಲ್ಲಿ ತಿರುವಾಂಕೂರು 1920ರಲ್ಲೇ ಮುಂದಡಿಯಿಟ್ಟಿತು. ಬ್ರಿಟಿಷ್ ಪ್ರಾಂತಗಳಲ್ಲಿ ಮದರಾಸು ಮೊದಲನೆಯದಾಗಿ 1921ರ ಏಪ್ರಿಲಿನಲ್ಲಿ ಹೆಂಗಸರ ಮೇಲಿನ ಅನರ್ಹತೆಯನ್ನು ತೆಗೆದುಹಾಕಿತು. ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಗೆ ಹೆಂಗಸರು ಮತ ಹಾಕಬಹುದೆಂದು ತೀರ್ಮಾನವಾದದ್ದು 1923ರಲ್ಲಿ. ಅಕ್ಕನನ್ನು ಅತ್ತಿಬೆಲೆಗೂ ತಂಗಿಯನ್ನು ಹೊಸೂರಿಗೂ ಕೊಟ್ಟಿದ್ದ ಮನೆಯೊಂದನ್ನು ಊಹಿಸಿಕೊಳ್ಳಿ. ಗಡಿಯ ಕಲ್ಲಿನ ಈಚೆಗಿದ್ದ ತಂಗಿಗೆ ಹಕ್ಕು ಎರಡು ವರ್ಷ ಮುಂಚೆ ಬಂತು.

ಬಂತು ಎನ್ನುವುದೂ ಅರ್ಧ ಸತ್ಯ. ಆ ತಂಗಿಯ ಹೆಸರಿನಲ್ಲಿ ಕಾನೂನು ಕೇಳುವಷ್ಟು ಆಸ್ತಿ, ಕಂದಾಯ ಇದ್ದರೆ ಮಾತ್ರ ಅವಳಿಗೆ ಮತ. ಹೊಲ ಮನೆ ಗಂಡಸರ ಹೆಸರಿನಲ್ಲಿದ್ದ ಕಾಲ ಅದು. ಅಂದಿನ ಪಟ್ಟಿಗಳಲ್ಲಿ ಸುಮಾರು ಇಪ್ಪತ್ತು ಗಂಡಸರಿಗೆ ಒಬ್ಬ ಹೆಂಗಸು ಇದ್ದಂತಾಯಿತು.

1926ರಲ್ಲಿ ಹೆಂಗಸರು ಶಾಸನ ಸಭೆಗೆ ನಿಲ್ಲಬಹುದೆಂದಾದಾಗ, ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ದಕ್ಷಿಣ ಕನ್ನಡದಿಂದ ನಿಂತರು. ಆಗ ಅವರಿಗೆ ಇಪ್ಪತ್ತಮೂರು ವರ್ಷ. ನಿಲ್ಲಬೇಕೆಂದು ಒತ್ತಾಯಿಸಿದವರು ಮಾರ್ಗರೆಟ್. ಪ್ರಚಾರಕ್ಕೆ ಸಿಕ್ಕಿದ್ದು ಬಹಳ ಕಡಿಮೆ ಕಾಲ. ಸೋತದ್ದೂ ಬಹಳ ಕಡಿಮೆ ಮತಗಳಿಂದ. ಗೆದ್ದಿದ್ದರೆ ಕಾಸರಗೋಡಿನವರ ಪ್ರತಿನಿಧಿಯಾಗಿ ಮದರಾಸಿನ ಸಭೆಯಲ್ಲಿ ಕೂರುತ್ತಿದ್ದವರು ಅವರೇ. ಮಾರನೆಯ ವರ್ಷ, 1927ರ ಜನವರಿಯಲ್ಲಿ, ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಅದಕ್ಕೂ ಮಾರ್ಗರೆಟ್ ಬರೆದ ಪತ್ರಗಳೇ ಕಾರಣ. ಹೆಣ್ಣುಮಕ್ಕಳಿಗೆ ಎಂಥ ವಿದ್ಯೆ ಬೇಕೆಂದು ಹೆಂಗಸರೇ ಒಂದೇ ದನಿಯಲ್ಲಿ ಹೇಳಬೇಕು ಎಂಬುದು ಅದರ ಉದ್ದೇಶ. ಕಮಲಾದೇವಿ ಅದರ ಕಾರ್ಯದರ್ಶಿಯಾಗಿ ದುಡಿದರು.

ಅಲ್ಲಿಯೂ ಹಳೆಯ ಕಥೆ ಇನ್ನೊಂದು ದಿಕ್ಕಿನಿಂದ ನಡೆಯಿತು. ವಿದ್ಯಾಭ್ಯಾಸ ಮಾತ್ರ, ರಾಜಕೀಯ ಬೇಡ ಎಂದು ಹೊರಟ ಸಮ್ಮೇಳನಕ್ಕೆ, ಹನ್ನೆರಡು ವರ್ಷಕ್ಕೆ ಮದುವೆಯಾಗುವ ಹುಡುಗಿಗೆ ಶಾಲೆ ಎಲ್ಲಿಂದ ಎಂಬ ಪ್ರಶ್ನೆ ಎದುರಾಯಿತು. ಮದುವೆಯ ವಯಸ್ಸಿನ ಕಾನೂನು ಬೇಕಾಯಿತು, ಶಾಸನ ಸಭೆಗಳ ಬಾಗಿಲು ತಟ್ಟಬೇಕಾಯಿತು. 1929ರ ಶಾರದಾ ಕಾಯಿದೆಗೆ ಸಮ್ಮೇಳನ ಬೆಂಬಲವಾಗಿ ನಿಂತಿತು.

5

ಮಾರ್ಗರೆಟ್ ಬದುಕನ್ನು ಸೇಲಂ ಜಿಲ್ಲೆಯಲ್ಲಿ ನಿಂತು ನೋಡಿದರೆ ಇನ್ನೊಬ್ಬ ಹೆಂಗಸು ಎದುರಿಗೆ ಬರುತ್ತಾರೆ. ಅವರು ರಾಧಾಬಾಯಿ ಸುಬ್ಬರಾಯನ್. ಕಾಸರಗೋಡಿನಲ್ಲಿ ಹುಟ್ಟಿ, 1897ರಲ್ಲಿ ಮಂಗಳೂರಿನಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿ ದಲಿತ ಮಕ್ಕಳಿಗೆ ಶಾಲೆ ನಡೆಸಿದ ಕುದ್ಮುಲ್ ರಂಗರಾಯರ ಮಗಳು. ಜಾತಿ ಮೀರಿ ಮದುವೆಯಾಗಿ ಸೇಲಂ ಜಿಲ್ಲೆಯ ಕುಮಾರಮಂಗಲದ ಜಮೀನ್ದಾರರ ಮನೆಗೆ ಸೊಸೆಯಾಗಿ ಬಂದರು. ಅವರ ಪತಿ ಡಾ. ಪಿ. ಸುಬ್ಬರಾಯನ್ 1926ರಿಂದ 1930ರ ತನಕ ಮದರಾಸಿನ ಮುಖ್ಯಮಂತ್ರಿ. ಹೀಗೆ ಈ ವಾರ್ಷಿಕದ ಎರಡೂ ಗಡಿಗಳನ್ನು ಒಂದೇ ಬದುಕಿನಲ್ಲಿ ಕಂಡವರು ಅವರು.

1930ರ ಮೊದಲ ದುಂಡುಮೇಜಿನ ಸಮ್ಮೇಳನಕ್ಕೆ ಹೋದ ಇಬ್ಬರು ಮಹಿಳಾ ಪ್ರತಿನಿಧಿಗಳಲ್ಲಿ ರಾಧಾಬಾಯಿ ಒಬ್ಬರು. ಇನ್ನೊಬ್ಬರು ಬೇಗಂ ಶಾ ನವಾಜ್. 1932ರಲ್ಲಿ ಮತಾಧಿಕಾರದ ವಿಚಾರಣೆಗೆ ನೇಮಕವಾದ ಲೋಥಿಯನ್ ಸಮಿತಿಯಲ್ಲೂ ಅವರಿದ್ದರು. ಅಲ್ಲಿ ಅವರು ಹಿಡಿದ ವಾದವೆಂದರೆ, ಕೆಲವು ಕಾಲದ ಮಟ್ಟಿಗಾದರೂ ಶಾಸನ ಸಭೆಗಳಲ್ಲಿ ಹೆಂಗಸರಿಗೆ ಸ್ಥಾನ ಮೀಸಲಿಡಬೇಕು ಎಂಬುದು. ಮಾರ್ಗರೆಟ್ ಕಟ್ಟಿದ ಸಂಸ್ಥೆಗಳು 1931ರಲ್ಲೇ ಇದನ್ನು ಬೇಡವೆಂದಿದ್ದವು. ವಯಸ್ಸಿಗೆ ಬಂದ ಎಲ್ಲರಿಗೂ ಮತ ಕೊಡಿ, ಮೀಸಲು ಬೇಡ, ಸಮಾನರಾಗಿ ಗೆದ್ದು ಬರುತ್ತೇವೆ ಎಂಬುದು ಅವರ ನಿಲುವು. ಒಂದೇ ವರ್ಷದಲ್ಲಿ ಒಬ್ಬರು ಸರಕಾರದ ಸಮಿತಿಯ ಮೇಜಿನ ಮುಂದೆ, ಇನ್ನೊಬ್ಬರು ಸರಕಾರದ ಸೆರೆಮನೆಯಲ್ಲಿ. ರಾಷ್ಟ್ರೀಯ ಹೋರಾಟದ ಕಥೆ ಬರೆದವರು ಎರಡನೆಯವರಿಗೆ ಹೂ ಹಾಕಿ ಮೊದಲನೆಯವರನ್ನು ಮರೆತದ್ದು ಸಹಜವೇ.

ಈ ಜಗಳದಲ್ಲಿ ನ್ಯಾಯ ಯಾರ ಕಡೆ? ತತ್ವದಲ್ಲಿ ಮಾರ್ಗರೆಟ್ ಅವರ ಕಡೆ ಎನ್ನಬೇಕು. ಎಲ್ಲರಿಗೂ ಮತ ಎಂಬ ಅವರ ಬೇಡಿಕೆಯೇ ಕೊನೆಗೆ ನಮ್ಮ ಸಂವಿಧಾನದಲ್ಲಿ ನಿಂತಿತು. ನೆಲದ ಸ್ಥಿತಿ ತಿಳಿದಿದ್ದದ್ದು ರಾಧಾಬಾಯಿಗೆ. ಗೆಲ್ಲುವ ಜಾಗವನ್ನು ಪಕ್ಷಗಳು ಹೆಂಗಸರಿಗೆ ತಾವಾಗಿ ಬಿಟ್ಟುಕೊಡುವುದಿಲ್ಲ ಎಂದು ಅವರು ಕಂಡಿದ್ದರು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯತಿಗಳಲ್ಲಿ ಮೂರನೆಯ ಒಂದು ಭಾಗವನ್ನು ಹೆಂಗಸರಿಗೆ ಮೀಸಲಿಟ್ಟಿತು. ಕೇರಳ 2009ರಲ್ಲಿ, ತಮಿಳುನಾಡು 2016ರಲ್ಲಿ ಅದನ್ನು ಅರ್ಧಕ್ಕೆ ಏರಿಸಲು ಕಾನೂನು ಮಾಡಿದವು. ಲೋಕಸಭೆ ಮತ್ತು ವಿಧಾನಸಭೆಗಳಿಗೆ 2023ರ 106ನೆಯ ತಿದ್ದುಪಡಿ ಬಂತು. ಸೇಲಂ ಜಿಲ್ಲೆಯ ಸೊಸೆ ಹೇಳಿದ ಮಾತಿಗೆ ಈ ಗಣರಾಜ್ಯ ತಡವಾಗಿ ಹೂಂಗುಟ್ಟಿದೆ. ವಿಚಿತ್ರವೆಂದರೆ, 1938ರಲ್ಲಿ ಕೇಂದ್ರದ ಶಾಸಕಾಂಗಕ್ಕೆ ರಾಧಾಬಾಯಿ ಆರಿಸಿಬಂದದ್ದು ಸಾಮಾನ್ಯ ಸ್ಥಾನದಿಂದಲೇ.

ಒಂದು ವಿಷಯದಲ್ಲಿ ಇಬ್ಬರ ದಾರಿಗಳೂ ಸೇರುತ್ತವೆ. 1935ರ ಕಾಯಿದೆ ಹೆಂಗಸರಿಗೆ ಮತ ಕೊಡುವಾಗ ಆಸ್ತಿಯುಳ್ಳವರ ಹೆಂಡತಿಯಾಗಿರುವುದರ ಜೊತೆಗೆ, ಓದು ಬರಹ ಬಲ್ಲವಳಾಗಿರುವುದನ್ನೂ ಒಂದು ಅರ್ಹತೆಯಾಗಿ ಮಾಡಿತು. ಸುಮಾರು 60 ಲಕ್ಷ ಹೆಂಗಸರು ಮತದಾರರಾದರು. ಐದು ಗಂಡಸರಿಗೆ ಒಬ್ಬ ಹೆಂಗಸು ಎಂಬ ಲೆಕ್ಕಕ್ಕೆ ಬಂತು. ಶಾಲೆ ಬೇಕೆಂದು ಹೊರಟವರು ಮತ ಕೇಳಬೇಕಾಗಿತ್ತು. ಈಗ ಮತ ಬೇಕೆಂದರೆ ಶಾಲೆಗೆ ಹೋಗಿರಬೇಕಾಯಿತು. ಹೊಲ ಹೆಸರಿನಲ್ಲಿಲ್ಲದ ಹೆಣ್ಣಿಗೆ ಅಕ್ಷರವೇ ಆಸ್ತಿಯಾದ ಸ್ವಲ್ಪ ಕಾಲವೊಂದು ನಮ್ಮ ಚರಿತ್ರೆಯಲ್ಲಿ ಹೀಗೆ ಬಂದು ಹೋಯಿತು.

6

ಅಕ್ಷರ ಎಂದಾಗ ಯಾವ ಅಕ್ಷರ ಎಂಬ ಪ್ರಶ್ನೆ ಗಡಿಯವರಿಗೆ ತಾನಾಗಿ ಬರುತ್ತದೆ. ಮಾರ್ಗರೆಟ್ ವಿಚಾರದಲ್ಲಿ ನನ್ನ ದೊಡ್ಡ ತಕರಾರು ಇಲ್ಲಿದೆ. ಅವರು ಬದುಕಿದ್ದು ತೆಲುಗು, ಕನ್ನಡ, ತುಳು, ತಮಿಳು, ಮಲಯಾಳದ ನಡುವೆ, ಬರೆದದ್ದು ಇಂಗ್ಲಿಷಿನಲ್ಲಿ. 1918ರಲ್ಲಿ ಅಸೋಸಿಯೇಷನ್ ಆರಂಭಿಸಿದ ‘ಸ್ತ್ರೀಧರ್ಮ’ ಪತ್ರಿಕೆ ಮುಖ್ಯವಾಗಿ ಇಂಗ್ಲಿಷಿನದು. ತಮಿಳು, ತೆಲುಗು, ಹಿಂದಿಯ ಪುಟಗಳನ್ನೂ ಅದು ಕೊಟ್ಟಿತು. ಬಾಗಲೂರಿನ ಕನ್ನಡದ ಹೆಣ್ಣೊಬ್ಬಳು ಅದನ್ನು ಓದಬೇಕಿದ್ದರೆ ನೆರೆಯ ನುಡಿಯ ಬಾಗಿಲಿನಿಂದ ಹೋಗಬೇಕಿತ್ತು.

ಇದರ ಪಕ್ಕದಲ್ಲಿ ನಂಜನಗೂಡು ತಿರುಮಲಾಂಬ ಅವರನ್ನು ಇಟ್ಟು ನೋಡಬೇಕು. 1887ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲೇ ವಿಧವೆಯಾದವರು. ಮನೆಮಾತು ತಮಿಳು, ಬರೆದದ್ದು ಕನ್ನಡ. 1910ರ ದಶಕದಲ್ಲಿ ‘ಸತೀ ಹಿತೈಷಿಣಿ’ ಗ್ರಂಥಮಾಲೆ ನಡೆಸಿದರು, ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ತಂದರು, ಮನೆಯಲ್ಲೇ ಹುಡುಗಿಯರಿಗೆ ಪಾಠ ಹೇಳಿದರು. ಅವರ ಪುಸ್ತಕಗಳು ಪಾತಿವ್ರತ್ಯವನ್ನು ಹೊಗಳುತ್ತವೆ ಎಂದು ಇಂದಿನವರು ಮೂಗು ಮುರಿಯಬಹುದು. ಆದರೆ ಮತದ ಮನವಿಯನ್ನು ಅಡ್ಯಾರಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಆ ದಶಕದಲ್ಲೇ, ಅಡುಗೆಮನೆಯಲ್ಲಿ ಕೂತ ಹೆಣ್ಣು ಅವಳಿಗೆ ತಿಳಿಯುವ ಮಾತಿನಲ್ಲಿ ಓದಲೆಂದು ಅಚ್ಚು ಹಾಕಿಸುತ್ತಿದ್ದವರು ಇವರು. ಒಬ್ಬರು ಬಾಗಿಲು ತೆರೆಸಿದರು; ಇನ್ನೊಬ್ಬರು ಒಳಗೆ ಹೋಗಬೇಕಾದವಳಿಗೆ ಓದು ಕಲಿಸಿದರು. ತಿರುಮಲಾಂಬ ಕೊನೆಗಾಲವನ್ನು ಮದರಾಸಿನಲ್ಲಿ, ಕನ್ನಡದವರು ಮರೆತೇಬಿಟ್ಟಿದ್ದಾಗ ಕಳೆದು, 1982ರಲ್ಲಿ ತೀರಿಕೊಂಡರು. ಗಡಿಯ ಆಚೆಗೆ ಹೋದ ಕನ್ನಡವನ್ನು ಕನ್ನಡನಾಡು ಎಷ್ಟು ಬೇಗ ಮರೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮಾರ್ಗರೆಟ್ ಬದುಕಿನ ಕೊನೆಯೂ ಹೆಚ್ಚು ಬೇರೆಯಲ್ಲ. 1940ರ ದಶಕದಲ್ಲಿ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದರು. ಸ್ವತಂತ್ರ ಭಾರತ ಅವರಿಗೆ ಧನಸಹಾಯ ಮಾಡಿ ಗೌರವಿಸಿತು. 1954ರ ಮಾರ್ಚ್ 11ರಂದು ಅವರು ಅಡ್ಯಾರಿನಲ್ಲಿ ತೀರಿಕೊಂಡರು. ಅದಕ್ಕೆ ಎರಡು ವರ್ಷ ಮುಂಚೆ ಈ ದೇಶದ ಮೊದಲ ಮಹಾಚುನಾವಣೆ ಮುಗಿದಿತ್ತು. ಆಸ್ತಿ ಕೇಳದೆ, ಅಕ್ಷರ ಕೇಳದೆ, ಎಲ್ಲ ಹೆಂಗಸರೂ ಮತ ಹಾಕಿದ್ದನ್ನು ಅವರು ಬದುಕಿದ್ದಾಗಲೇ ಕೇಳಿ ತಿಳಿದರು.

7

ಈಗ ನಮ್ಮ ಮನೆಯ ಮಾತು. ಹೊಸೂರು, ದೇಂಕಣಿಕೋಟೆ ಕಡೆಯ ಕನ್ನಡ ಮನೆಗಳಲ್ಲಿ ಅಜ್ಜಿ ಕನ್ನಡದಲ್ಲಿ ರಾಮಾಯಣ ಓದುತ್ತಾಳೆ. ಮೊಮ್ಮಗಳು ಕನ್ನಡದಲ್ಲಿ ಮಾತನಾಡುತ್ತಾಳೆ, ಓದಲಾರಳು. ತಮಿಳುನಾಡಿನ 2006ರ ಕಾಯಿದೆ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳನ್ನು ಕಡ್ಡಾಯ ಮಾಡಿತು. ಕೇರಳದ 2017ರ ಕಾಯಿದೆ ಮಲಯಾಳದ ವಿಷಯದಲ್ಲಿ ಅಂಥದೇ ಹಾದಿ ಹಿಡಿಯಿತು. ಇದ್ದ ನಾಡಿನ ನುಡಿಯನ್ನು ಮಕ್ಕಳು ಕಲಿಯುವುದು ಒಳ್ಳೆಯದೇ. ಅದರ ಮೇಲೆ ನಮಗೆ ಮುನಿಸಿಲ್ಲ. ತಮಿಳರೊಂದಿಗೂ ತೆಲುಗರೊಂದಿಗೂ ಸಂತೆಯಲ್ಲಿ, ಜಾತ್ರೆಯಲ್ಲಿ, ಮದುವೆಯಲ್ಲಿ ಬೆರೆತು ಬಾಳಿದವರು ನಾವು. ಆದರೆ ಅದರ ಜೊತೆಗೆ ಕನ್ನಡವೂ ಉಳಿಯಬೇಕಾದರೆ ಟೀಚರು ಬೇಕು, ಪುಸ್ತಕ ಬೇಕು, ತರಗತಿ ನಡೆಯಬೇಕು. ಇವನ್ನು ಕೇಳುವವರು ಯಾರು?

ನಾವು ಸಾಮಾನ್ಯವಾಗಿ ಮಾಡುವುದು ಅರ್ಜಿ ಬರೆಯುವುದು. ಸಂಘದ ಲೆಟರ್‌ಹೆಡ್ಡಿನಲ್ಲಿ ಗಂಡಸರು ಬರೆದು, ಗಂಡಸರು ಸಹಿ ಹಾಕಿ, ಬೆಂಗಳೂರಿಗೊಂದು, ಚೆನ್ನೈಗೊಂದು ಕಳಿಸುತ್ತೇವೆ. ರಾಜ್ಯೋತ್ಸವದ ವೇದಿಕೆಯಲ್ಲಿ ಹೆಣ್ಣುಮಕ್ಕಳು ನಾಡಗೀತೆ ಹಾಡುತ್ತಾರೆ; ಅರ್ಜಿಯಲ್ಲಿ ಅವರ ಸಹಿ ಇರುವುದಿಲ್ಲ. ಆದರೆ ಮನೆಯಲ್ಲಿ ಮಗುವಿನೊಡನೆ ಯಾವ ಮಾತಾಡಬೇಕು, ಯಾವ ಶಾಲೆಗೆ ಸೇರಿಸಬೇಕು ಎಂಬುದರ ಕಷ್ಟ ಸುಖ ಹೆಚ್ಚಾಗಿ ತಾಯಿಯ ಪಾಲಿನದು. ಪಂಚಾಯತಿಯ ಅರ್ಧದಷ್ಟು ಸ್ಥಾನಗಳನ್ನು ಕಾನೂನು ಈಗ ಹೆಂಗಸರಿಗೆ ಇಟ್ಟಿದೆ. ಆ ಸ್ಥಾನಗಳಲ್ಲಿ ಕೂತ ನಮ್ಮ ಹೆಂಗಸರು ಗಂಡಂದಿರ ಪರವಾಗಿ ರುಜು ಹಾಕಿ ಎದ್ದುಬಂದರೆ, ರಾಧಾಬಾಯಿ ಕೇಳಿದ್ದು ಸಿಕ್ಕಿಯೂ ಸಿಗದ ಹಾಗೆ. ಅವರೇ ಎದ್ದು ನಿಂತು, ನಮ್ಮ ಶಾಲೆಗೆ ಕನ್ನಡದ ಟೀಚರು ಯಾಕಿಲ್ಲ ಎಂದು ಕೇಳಿದರೆ, ಆ ಮಾತಿಗಿರುವ ತೂಕ ನೂರು ಅರ್ಜಿಗಳಿಗಿರುವುದಿಲ್ಲ. 1917ರಲ್ಲಿ ಒಬ್ಬ ಟೀಚರು ಕಲಿತ ಪಾಠವೂ ಇದೇ ಆಗಿತ್ತು.

ಈ ವಾರ್ಷಿಕದ ಸಂಪಾದಕರಲ್ಲಿ ನನ್ನದೊಂದು ವಿನಂತಿ. ‘ವಿ ಟೂ ಟುಗೆದರ್’ ಪುಸ್ತಕದಲ್ಲಿ ಮದನಪಲ್ಲಿ, ಮಂಗಳೂರು, ವೆಲ್ಲೂರಿನ ದಿನಗಳನ್ನು ಕುರಿತ ಭಾಗಗಳನ್ನು ಆರಿಸಿ, ಬೇಕಾದ ಅನುಮತಿ ಪಡೆದು, ಮುಂದಿನ ಸಂಚಿಕೆಗಳಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಕೊಡಬೇಕು. ಅದರ ಜೊತೆಗೆ, ಆ ಪುಸ್ತಕ ಬಿಟ್ಟ ಜಾಗವನ್ನು ನಾವೇ ತುಂಬಬೇಕು. ಪೆರ್ಲದಲ್ಲೋ ಕುಂಬಳೆಯಲ್ಲೋ ತಳಿಯಲ್ಲೋ ನಲವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತರಾದ ಅಕ್ಕಂದಿರು, ಅಮ್ಮಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಮಳೆಗಾಲದಲ್ಲಿ ಎಷ್ಟು ಮಕ್ಕಳು ಬರುತ್ತಿದ್ದರು, ಯಾವ ಮನೆಯ ಹುಡುಗಿಯನ್ನು ಶಾಲೆಗೆ ಕರೆತರಲು ಎಷ್ಟು ಸಲ ಆ ಮನೆಯ ಜಗಲಿ ಹತ್ತಬೇಕಾಯಿತು, ಕನ್ನಡದ ತರಗತಿ ಮುಚ್ಚಿದ ದಿನ ಏನಾಯಿತು ಎಂಬುದೆಲ್ಲ ಅವರಿಗೆ ಗೊತ್ತು. ಈ ಬೇಸಿಗೆ ರಜೆಯಲ್ಲಿ ಮನೆಯ ಹೆಣ್ಣುಮಕ್ಕಳು ಒಂದು ನೋಟ್‌ಬುಕ್ಕು ಹಿಡಿದು ಅವರ ಬಳಿ ಕೂತು ಕೇಳಿ ಬರೆದುಕೊಳ್ಳಲಿ. ಕನ್ನಡ ಅಕ್ಷರ ಬಾರದವರು ಮೊದಲು ಅದನ್ನು ಅವರಿಂದಲೇ ಕಲಿತುಕೊಳ್ಳಲಿ.